ಕಾಕಟೀಲ್ ಮೊಟ್ಟೆ ಇಡುತ್ತಲೇ ಇದೆ, ಮರಿ ಮಾತ್ರ ಬರುತ್ತಿಲ್ಲ. ಏನು ಮಾಡಲಿ?

ದಾವಣಗೆರೆ_ಬೆಣ್ಣೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಜೋಡಿ ಕಾಕಟೀಲ್, ಅಂದರೆ ತಲೆಯ ಮೇಲೆ ಜುಟ್ಟಿರುವ ಪುಟ್ಟ ಗಿಳಿ, ಇದೆ. ಗಂಡು ಬೂದು ಬಣ್ಣ, ಹೆಣ್ಣು ಲುಟಿನೋ ಎಂಬ ಹಳದಿ ಬಗೆ. ಸಂಕ್ರಾಂತಿ ಕಳೆದ ಮೇಲೆ ಮೊಟ್ಟೆ ಇಡಲು ಶುರು ಮಾಡಿದ್ದು, ಯುಗಾದಿ ದಾಟಿದರೂ ನಿಂತಿಲ್ಲ. ಪ್ರತಿ ಸಲವೂ ನಾಲ್ಕೈದು ಮೊಟ್ಟೆ. ಎರಡೂ ಸರದಿಯ ಮೇಲೆ ಕಾವಿಗೆ ಕೂರುತ್ತವೆ, ಜಗಳವೂ ಇಲ್ಲ. ಆದರೆ ಒಂದೇ ಒಂದು ಮರಿಯ ಮುಖ ಕಂಡಿಲ್ಲ. ಕಾದು ಕಾದು ಮೊಟ್ಟೆ ತೆಗೆದು ಎಸೆದರೆ ಕೆಲವೇ ದಿನಗಳಲ್ಲಿ ಮತ್ತೆ ಹೊಸ ಮೊಟ್ಟೆ. ಹಕ್ಕಿ ಮಾರಿದ ಅಂಗಡಿಯವರು "ಗಂಡು ಬದಲಾಯಿಸಿ, ಬೇರೆ ಕೊಡುತ್ತೇನೆ" ಎನ್ನುತ್ತಾರೆ. ನಮ್ಮ ಅತ್ತೆಯವರು ದೃಷ್ಟಿ ತಗುಲಿದೆ ಎಂದು ಪಂಜರಕ್ಕೆ ಒಣಮೆಣಸಿನಕಾಯಿ ನಿವಾಳಿಸಿದ್ದಾರೆ. ಇಬ್ಬರಲ್ಲಿ ಯಾರ ಮಾತು ಕೇಳಲಿ?

ಪುಕ್ಕ_ಪುರಾಣ
ಇಬ್ಬರದ್ದೂ ಬೇಡ. ಮೊದಲು ಟಾರ್ಚ್ ಹಿಡಿದು ಮೊಟ್ಟೆ ನೋಡಿದ್ದೀರಾ?

ರಾಯಚೂರು_ಬಿಸಿಲು
ಮೊದಲು ಗಂಡು ಗಂಡೇ ಹೌದೋ ಎಂದು ನೋಡಿ. ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬರು ಆಫ್ರಿಕನ್ ಲವ್ ಬರ್ಡ್ಸ್ ಜೋಡಿ ತಂದಿದ್ದರು. ಕೊಕ್ಕಿಗೆ ಕೊಕ್ಕು ಕೊಟ್ಟು ಉಣಿಸುವುದೇನು, ತಲೆ ಸವರುವುದೇನು, ಆದರ್ಶ ದಂಪತಿ ಎಂದು ಮನೆಯವರೆಲ್ಲ ಕೊಂಡಾಡುತ್ತಿದ್ದರು. ಕೊನೆಗೆ ನೋಡಿದರೆ ಮಡಕೆಯ ತುಂಬ ಮೊಟ್ಟೆ, ಒಂದು ಹಕ್ಕಿ ಇಡಬಹುದಾದದ್ದಕ್ಕಿಂತ ದುಪ್ಪಟ್ಟು. ಎರಡೂ ಹೆಣ್ಣು! ಆ ಜಾತಿಯಲ್ಲಿ ಹೊರಗಿನಿಂದ ನೋಡಿ ಗಂಡು ಹೆಣ್ಣು ಹೇಳಲು ಆಗುವುದಿಲ್ಲ. ಪುಕ್ಕ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸುವುದೊಂದೇ ದಾರಿ.

ಪುಕ್ಕ_ಪುರಾಣ
ಲವ್ ಬರ್ಡ್ಸ್‌ಗೆ ಸರಿ, ಇಲ್ಲಿ ಅದು ನಡೆಯುವುದಿಲ್ಲ. ಬೂದು ಕಾಕಟೀಲ್‌ನಲ್ಲಿ ಬೆಳೆದ ಗಂಡಿನ ಮುಖ ಅಚ್ಚ ಹಳದಿ ಇರುತ್ತದೆ, ಹೆಣ್ಣಿನ ಮುಖ ಮಂಕು ಮತ್ತು ಬಾಲದ ಅಡಿಯಲ್ಲಿ ಪಟ್ಟೆ ಉಳಿದಿರುತ್ತದೆ. ಮೇಲಾಗಿ ಬೆಳಗಾದರೆ ಸಿಳ್ಳೆ ಹೊಡೆದು ಊರೆಬ್ಬಿಸುವುದು ಗಂಡೇ. ಮೊಟ್ಟೆಯ ಲೆಕ್ಕವೂ ನಾಲ್ಕೈದೇ ಇದೆ. ಎರಡೂ ಹೆಣ್ಣಾಗಿದ್ದರೆ ಎಂಟು ಹತ್ತು ಇರುತ್ತಿತ್ತು.

ದಾವಣಗೆರೆ_ಬೆಣ್ಣೆ
ಮುಖ ಅಚ್ಚ ಹಳದಿ, ಸಿಳ್ಳೆಯಂತೂ ಕೇಳಲೇಬೇಡಿ. ಗಂಡೇ ಇರಬೇಕು. ಟಾರ್ಚ್ ಹಿಡಿದು ನೋಡಿಲ್ಲ. ಮನುಷ್ಯರ ಕೈ ತಾಗಿದರೆ ತಾಯಿ ಹಕ್ಕಿ ಮೊಟ್ಟೆ ಬಿಟ್ಟುಬಿಡುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ?

ಗೂಡು_ಕಟ್ಟುವವಳು
ಎಲ್ಲರೂ ಹೇಳುತ್ತಾರೆ, ಹಕ್ಕಿಗಳು ಮಾತ್ರ ಕೇಳಿಲ್ಲ. ಕೈ ವಾಸನೆಗೆ ಗಿಳಿ ಮೊಟ್ಟೆ ಬಿಡುವುದಿಲ್ಲ. ಹೆದರಿದರೆ ಬಿಡುತ್ತದೆ. ಗಂಟೆಗೊಮ್ಮೆ ಗೂಡುಪೆಟ್ಟಿಗೆಯ ಮುಚ್ಚಳ ತೆಗೆದು ಮೊಬೈಲ್ ಹಿಡಿದು ಚಿತ್ರ ತೆಗೆಯುವವರ ಮನೆಯಲ್ಲಿ ಯಾವ ಹಕ್ಕಿ ನೆಮ್ಮದಿಯಾಗಿ ಕೂತೀತು?

ಕ್ರಮ ಹೇಳುತ್ತೇನೆ, ಕೇಳಿ ತಮ್ಮಾ. ಕಾಕಟೀಲ್‌ನಲ್ಲಿ ಹಗಲು ಹೆಚ್ಚಾಗಿ ಗಂಡು ಕೂರುತ್ತದೆ, ರಾತ್ರಿ ಹೆಣ್ಣು. ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಎರಡೂ ಹೊರಗೆ ಬಂದು ಕಾಳು ತಿನ್ನುತ್ತವೆ. ಆಗ ಕೈ ತೊಳೆದು ಒರೆಸಿಕೊಂಡು ಮೊಟ್ಟೆಯನ್ನು ಕೈಗೆ ತೆಗೆದುಕೊಳ್ಳಿ. ಕುಲುಕಬೇಡಿ, ಗಿರಗಿರ ತಿರುಗಿಸಬೇಡಿ. ಕೋಣೆ ಕತ್ತಲು ಮಾಡಿ, ಸಣ್ಣ ಟಾರ್ಚನ್ನು ಮೊಟ್ಟೆಯ ದಪ್ಪ ತುದಿಗೆ ಒತ್ತಿ ಹಿಡಿಯಿರಿ. ಕಾವಿಗೆ ಕೂತು ಒಂದು ವಾರವಾಗಿದ್ದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಒಳಗೆಲ್ಲ ಒಂದೇ ಸಮನೆ ತಿಳಿ ಹಳದಿ ಹೊಳೆದರೆ ಖಾಲಿ ಮೊಟ್ಟೆ. ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆ, ಅದರ ಸುತ್ತ ಕೆಂಪು ಎಳೆಗಳು ನಾಲ್ಕೂ ಕಡೆ ಹರಡಿದ್ದರೆ ಜೀವ ಇದೆ, ಇನ್ನೂ ಸ್ವಲ್ಪ ಹೊತ್ತು ನೋಡಿದರೆ ಆ ಚುಕ್ಕೆ ಮಿಡಿಯುವುದೂ ಕಾಣಿಸುತ್ತದೆ. ಎಳೆಗಳೆಲ್ಲ ಮಾಯವಾಗಿ ಕೆಂಪು ಬಳೆಯೊಂದೇ ಉಳಿದಿದ್ದರೆ ಜೀವ ಹುಟ್ಟಿ ಅಲ್ಲೇ ಹೋಗಿದೆ. ಈ ಮೂರರಲ್ಲಿ ಯಾವುದು ಎಂದು ಗೊತ್ತಾಗದೆ ಗಂಡು ಬದಲಾಯಿಸುವುದು, ಔಷಧ ಹಾಕುವುದು ಎಲ್ಲವೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಕರಾವಳಿ_ಕಾಗೆ
ಇನ್ನೊಂದು ಮಾತು. ದಿನ ಎಲ್ಲಿಂದ ಎಣಿಸುತ್ತೀರಿ? ಕಾಕಟೀಲ್‌ಗೆ 18ರಿಂದ 21 ದಿನ ಕಾವು ಬೇಕು, ಸರಿ. ಆದರೆ ಅದು ದಿನ ಬಿಟ್ಟು ದಿನ ಮೊಟ್ಟೆ ಇಡುತ್ತದೆ, ಎರಡು ಮೂರು ಆಗುವವರೆಗೆ ಗಟ್ಟಿಯಾಗಿ ಕೂರುವುದೂ ಇಲ್ಲ. ಮೊದಲ ಮೊಟ್ಟೆ ಕಂಡ ದಿನದಿಂದ ಮೂರು ವಾರ ಎಣಿಸಿ ಎಲ್ಲವನ್ನೂ ಎಸೆದರೆ ಕೊನೆಯ ಮೊಟ್ಟೆಗೆ ಎರಡು ವಾರವೂ ತುಂಬಿರುವುದಿಲ್ಲ.

ದಾವಣಗೆರೆ_ಬೆಣ್ಣೆ
ಅಷ್ಟು ಬೇಗ ಎಸೆದಿಲ್ಲ ಸರ್, ನಾವೂ ಕ್ಯಾಲೆಂಡರ್ ಮೇಲೆ ಬರೆದುಕೊಳ್ಳುತ್ತೇವೆ. ಇಂದು ಸಂಜೆಯೇ ಟಾರ್ಚ್ ಹಿಡಿದು ನೋಡಿ ಹೇಳುತ್ತೇನೆ.

ಬಯಲುಸೀಮೆ_ಬಜ್ಜಿ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಲವ್ ಬರ್ಡ್ಸ್ ಇಟ್ಟ ಮೊಟ್ಟೆಯನ್ನು ತಾನೇ ಕುಕ್ಕಿ ತಿನ್ನುತ್ತಿದೆ. ಯಾಕೆ?

ಪುಕ್ಕ_ಪುರಾಣ
ಬಜ್ಜಿ ಎನ್ನುವ ಪುಟ್ಟ ಬಜರಿಗಾರ್ ಗಿಳಿಯೋ, ಆಫ್ರಿಕನ್ ಲವ್ ಬರ್ಡ್ಸೋ? ಅಂಗಡಿಯಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ.

ಬಯಲುಸೀಮೆ_ಬಜ್ಜಿ
ಸಣ್ಣದು, ಕುತ್ತಿಗೆಯ ಮೇಲೆ ಗೆರೆ ಗೆರೆ ಇದೆ. ನನ್ನ ಹೆಸರಲ್ಲೇ ಬಜ್ಜಿ ಇದೆ ಸರ್!

ಪುಕ್ಕ_ಪುರಾಣ
ಅದು ತಿನ್ನುವ ಬಜ್ಜಿ ಎಂದುಕೊಂಡಿದ್ದೆ. ಪಂಜರದಲ್ಲಿ ಕಟಲ್ ಬೋನ್ (ಸುಣ್ಣದ ಅಂಶಕ್ಕಾಗಿ ಹಕ್ಕಿ ಕುಟುಕಲು ಇಡುವ ಕಡಲಜೀವಿಯ ಬಿಳಿ ಒಳಚಿಪ್ಪು) ಇದೆಯೇ? ಬರೀ ನವಣೆ ಕೊಡುತ್ತಿದ್ದರೆ ಸುಣ್ಣದ ಅಂಶ ಸಾಲದೆ ಚಿಪ್ಪು ತೆಳುವಾಗುತ್ತದೆ, ಕಾಲು ತಾಗಿ ಒಡೆಯುತ್ತದೆ, ಒಡೆದದ್ದರ ರುಚಿ ಹತ್ತುತ್ತದೆ. ಗೂಡಿನ ಮಡಕೆಯ ತಳ ಚಪ್ಪಟೆಯಾಗಿದ್ದು ಮೊಟ್ಟೆ ಉರುಳಾಡಿದರೂ ಒಡೆಯುತ್ತದೆ. ತಳದಲ್ಲಿ ಮರದ ಹೊಟ್ಟು ಹಾಕಿ, ನಡುವೆ ಬಟ್ಟಲಿನಂತೆ ಗುಳಿ ಮಾಡಿ. ಒಂದು ಮಡಕೆಯಲ್ಲಿ ಎರಡು ಹೆಣ್ಣು ಹೊಕ್ಕರೂ ಇದೇ ಗತಿ, ಬಜ್ಜಿಯ ಹೆಣ್ಣುಗಳು ಗೂಡಿಗಾಗಿ ರಕ್ತ ಬರುವ ಹಾಗೆ ಕಾದಾಡುತ್ತವೆ.

ನವಣೆ_ಅಕ್ಕ
ಕೋಳಿಮೊಟ್ಟೆಯ ಚಿಪ್ಪನ್ನು ಚೆನ್ನಾಗಿ ಕುದಿಸಿ, ಒಣಗಿಸಿ, ಪುಡಿ ಮಾಡಿ ಕೊಟ್ಟರೂ ಆಗುತ್ತದೆ. ನುಗ್ಗೆಸೊಪ್ಪು ಕೊಡಿ, ಅದರಲ್ಲಿ ಕ್ಯಾಲ್ಸಿಯಂ ಧಾರಾಳ. ಪಾಲಕ್ ಪಾಲಕ್ ಎಂದು ಕುಣಿಯಬೇಡಿ, ಅದರಲ್ಲಿರುವ ಆಕ್ಸಲೇಟ್ ಇರುವ ಕ್ಯಾಲ್ಸಿಯಂ ಅನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಇನ್ನು ಬೆಣ್ಣೆಹಣ್ಣು ಅಪ್ಪಿತಪ್ಪಿಯೂ ಬೇಡ, ಗಿಳಿಗಳಿಗೆ ಅದು ವಿಷ.

ಗೂಡು_ಕಟ್ಟುವವಳು
ಅಕ್ಕನ ಮಾತಿಗೆ ಒಂದು ಸೇರಿಕೆ: ಎಷ್ಟೇ ಕ್ಯಾಲ್ಸಿಯಂ ಕೊಟ್ಟರೂ ಬಿಸಿಲಿಲ್ಲದೆ ದಕ್ಕುವುದಿಲ್ಲ. ಕಿಟಕಿಯ ಗಾಜಿನ ಹಿಂದೆ ಇಟ್ಟ ಪಂಜರಕ್ಕೆ ಬೆಳಕು ಬರುತ್ತದೆಯೇ ಹೊರತು ಡಿ ಜೀವಸತ್ವ ಹುಟ್ಟಿಸುವ ಕಿರಣ ಬರುವುದಿಲ್ಲ. ಬೆಳಗಿನ ಎಳೆಬಿಸಿಲಿಗೆ ನೇರವಾಗಿ ಇಡಿ, ಅರ್ಧ ಪಂಜರಕ್ಕೆ ನೆರಳಿರಲಿ.

ದಾವಣಗೆರೆ_ಬೆಣ್ಣೆ
ನೋಡಿದೆ. ಈಗ ಐದು ಮೊಟ್ಟೆ ಇವೆ. ಒಂದು ಪೂರ್ತಿ ತಿಳಿ. ಎರಡರಲ್ಲಿ ಗೂಡು ಕಟ್ಟುವ ಅಕ್ಕ ಹೇಳಿದ ಕೆಂಪು ಬಳೆ. ಉಳಿದ ಎರಡು ಪೂರ್ತಿ ಕಪ್ಪಗಿವೆ, ದಪ್ಪ ತುದಿಯಲ್ಲಿ ಮಾತ್ರ ಬೆಳಕು. ಆ ಎರಡು ಬದುಕಿವೆಯೇ?

ಹಕ್ಕಿ_ವೈದ್ಯ
ನಾನು ಪಶುವೈದ್ಯ, ಸಾಕುಹಕ್ಕಿಗಳನ್ನೂ ನೋಡುತ್ತೇನೆ. ಕಪ್ಪಗಿರುವುದು ಬೆಳೆದ ಮರಿ. ಬದುಕಿದೆಯೋ ಇಲ್ಲವೋ ಎಂಬುದು ಒಳಗೆ ಚಲನೆ ಕಂಡರೆ ಮಾತ್ರ ತಿಳಿಯುತ್ತದೆ. ಹಾಗೆಯೇ ಇಟ್ಟು ದಿನ ತುಂಬಲು ಬಿಡಿ.

ಆದರೆ ಒಂದು ಸಂಗತಿ ಸ್ಪಷ್ಟವಾಯಿತು. ನಿಮ್ಮ ಗಂಡು ನಿರಪರಾಧಿ. ಐದರಲ್ಲಿ ನಾಲ್ಕು ಮೊಟ್ಟೆಗೆ ಜೀವ ಬಂದಿದೆ. ಅಂಗಡಿಯವರ ಮಾತು ಕೇಳಿ ಅದನ್ನು ಬದಲಾಯಿಸಿದ್ದರೆ ಒಳ್ಳೆಯ ಗಂಡು ಹೋಗಿ ತೊಂದರೆ ಇಲ್ಲೇ ಉಳಿಯುತ್ತಿತ್ತು. ಮೊಟ್ಟೆ ಫಲಿಸದಿರುವುದು ಒಂದು ಕಾಯಿಲೆ, ಫಲಿಸಿದ ಮರಿ ಚಿಪ್ಪಿನೊಳಗೆ ಸಾಯುವುದು ಬೇರೆಯೇ ಕಾಯಿಲೆ. ಎರಡನೆಯದಕ್ಕೆ ಶಾಖ, ತೇವ, ಸೋಂಕು, ತಾಯಿಯ ಆಹಾರ, ಹತ್ತಿರದ ರಕ್ತಸಂಬಂಧ, ಹೀಗೆ ಹಲವು ಕಾರಣ. ಒಂದೇ ಗೂಡಿನಲ್ಲಿ ಹುಟ್ಟಿದ ಅಣ್ಣತಂಗಿಯನ್ನು ಜೋಡಿ ಎಂದು ಮಾರುವುದು ಸಾಮಾನ್ಯ, ಅದನ್ನೂ ವಿಚಾರಿಸಿ. ಪೆಟ್ಟಿಗೆ ಎಲ್ಲಿ ಇಟ್ಟಿದ್ದೀರಿ?

ದಾವಣಗೆರೆ_ಬೆಣ್ಣೆ
ಮಹಡಿಯ ಮೇಲೆ, ತಗಡಿನ ಶೀಟಿನ ಕೆಳಗೆ. ನೆರಳಿದೆ, ಬೆಕ್ಕಿನ ಕಾಟವಿಲ್ಲ.

ರಾಯಚೂರು_ಬಿಸಿಲು
ಚೈತ್ರದ ಬಿಸಿಲಿನಲ್ಲಿ ದಾವಣಗೆರೆಯ ತಗಡಿನ ಕೆಳಗೆ! ಮೊಟ್ಟೆ ಮರಿಯಾಗುವುದಿರಲಿ, ಆಮ್ಲೆಟ್ ಆಗದಿದ್ದದ್ದೇ ದೊಡ್ಡದು.

ಹಕ್ಕಿ_ವೈದ್ಯ
ತಮಾಷೆಯಾದರೂ ವಿಷಯ ಅದೇ. ಇನ್‌ಕ್ಯುಬೇಟರ್‌ನಲ್ಲಿ ಗಿಳಿಮೊಟ್ಟೆಗೆ ಇಡುವ ಶಾಖ 37.2ರಿಂದ 37.5 ಡಿಗ್ರಿ ಸೆಲ್ಸಿಯಸ್. ಸ್ವಲ್ಪ ಹೊತ್ತು ತಣ್ಣಗಾದರೆ ಭ್ರೂಣ ತಡೆದುಕೊಳ್ಳುತ್ತದೆ, ಮಿತಿಮೀರಿದ ಬಿಸಿಯನ್ನು ತಡೆಯುವುದಿಲ್ಲ. ತಗಡಿನ ಕೆಳಗಿನ ಮುಚ್ಚಿದ ಪೆಟ್ಟಿಗೆ ಮಧ್ಯಾಹ್ನ 40 ದಾಟುವುದು ಕಷ್ಟವೇನಲ್ಲ. ಒಂದು ಥರ್ಮಾಮೀಟರ್ ಇಟ್ಟು ನೋಡಿ.

ಗೂಡು_ಕಟ್ಟುವವಳು
ತೇವವನ್ನೂ ನೋಡಿ ಡಾಕ್ಟ್ರೇ. ಬಿಸಿಲುನಾಡಿನ ಒಣಗಾಳಿಗೆ ಮೊಟ್ಟೆಯ ಒಳಪೊರೆ ಚರ್ಮದಂತೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ, ಅದು ಒಡೆದು ಬರಲಾರದೆ ಸೋಲುತ್ತದೆ. ಸ್ನಾನಕ್ಕೆ ಅಗಲವಾದ ತಟ್ಟೆಯಲ್ಲಿ ನೀರಿಡಿ. ಗಂಡು ಮಿಂದು ಒದ್ದೆ ಎದೆಯಲ್ಲೇ ಮೊಟ್ಟೆಯ ಮೇಲೆ ಹೋಗಿ ಕೂರುತ್ತದೆ. ಅದರಷ್ಟು ಅಳತೆ ಗೊತ್ತಿರುವ ಯಂತ್ರ ಇನ್ನೂ ಬಂದಿಲ್ಲ.

ಕರಾವಳಿ_ಕಾಗೆ
ಇದನ್ನು ಓದಿ ಮಂಗಳೂರು, ಉಡುಪಿಯವರು ಆಷಾಢದಲ್ಲಿ ಪೆಟ್ಟಿಗೆಗೆ ನೀರು ಚಿಮುಕಿಸಲು ಹೊರಡಬೇಡಿ. ನಮ್ಮಲ್ಲಿ ತೊಂದರೆ ತಿರುಗಾಮುರುಗಾ. ಮೊಟ್ಟೆ ಕಾವಿನ ಅವಧಿಯಲ್ಲಿ ನೀರಿನಂಶ ಬಿಟ್ಟು ಹಗುರಾಗಬೇಕು, ಆಗಲೇ ದಪ್ಪ ತುದಿಯ ಗಾಳಿಕೋಣೆ ದೊಡ್ಡದಾಗುವುದು. ಮಳೆಗಾಲದಲ್ಲಿ ಅದು ಆರುವುದೇ ಇಲ್ಲ, ಮರಿ ಒಳಗಿನ ನೀರಿನಲ್ಲೇ ಉಸಿರುಕಟ್ಟುತ್ತದೆ. ಹೊಟ್ಟು ಬೂಷ್ಟು ಹಿಡಿದರಂತೂ ಸೋಂಕು ಗ್ಯಾರಂಟಿ.

ಗೂಡು_ಕಟ್ಟುವವಳು
ದಾವಣಗೆರೆಯವರಿಗೆ ಹೇಳಿದ್ದು ಮಾರಾಯರೇ, ಉಡುಪಿಯವರಿಗಲ್ಲ.

ಮೈಸೂರು_ಮಲ್ಲಿಗೆ
ತುರ್ತು, ದಯವಿಟ್ಟು ಯಾರಾದರೂ ಹೇಳಿ. ನಮ್ಮ ಬಜ್ಜಿ ಹೆಣ್ಣು ಬೆಳಗಿನಿಂದ ಪಂಜರದ ತಳದಲ್ಲಿ ಮೈ ಉಬ್ಬಿಸಿಕೊಂಡು ಕೂತಿದೆ. ಬಾಲ ಮೇಲೆ ಕೆಳಗೆ ಆಡುತ್ತಿದೆ, ಮುಕ್ಕುತ್ತಿದೆ, ಹೊಟ್ಟೆಯ ಕೆಳಗೆ ಗಟ್ಟಿ ಉಂಡೆ ಇದ್ದಂತಿದೆ. ನಿನ್ನೆ ಇಡಬೇಕಿದ್ದ ಮೊಟ್ಟೆ ಇಟ್ಟಿಲ್ಲ.

ಸುಮ್ಮನೆ_ಓದುವವ
ಹರಳೆಣ್ಣೆ ಎರಡು ಹನಿ ಬಾಯಿಗೆ, ಎರಡು ಹನಿ ಹಿಂಭಾಗಕ್ಕೆ ಬಿಡಿ. ನಮ್ಮ ಅಜ್ಜಿ ಕೋಳಿಗೆ ಹೀಗೇ ಮಾಡುತ್ತಿದ್ದರು.

ಹಕ್ಕಿ_ವೈದ್ಯ
ಬೇಡ, ಬೇಡ. ಮೂವತ್ತು ನಲವತ್ತು ಗ್ರಾಂ ತೂಗುವ ಹಕ್ಕಿಯ ಬಾಯಿಗೆ ಎಣ್ಣೆ ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಪುಕ್ಕಕ್ಕೆ ಮೆತ್ತಿದರೆ ಮೈ ಶಾಖ ನಿಲ್ಲುವುದಿಲ್ಲ.

ಮೇಡಂ, ಇದು ಮೊಟ್ಟೆ ಸಿಕ್ಕಿಕೊಂಡಿರುವ ಲಕ್ಷಣ. ಕೂಡಲೇ ಸಣ್ಣ ಪೆಟ್ಟಿಗೆಗೆ ಹಾಕಿ, ಬಲ್ಬ್ ಅಥವಾ ಬಿಸಿನೀರಿನ ಚೀಲದಿಂದ 30 ಡಿಗ್ರಿ ಆಸುಪಾಸಿನ ಶಾಖ ಕೊಡಿ, ಹತ್ತಿರ ಬಿಸಿನೀರಿನ ಬಟ್ಟಲಿಟ್ಟು ಹಬೆಯಾಡಿಸಿ. ಬಲ್ಬ್ ಒಂದು ಬದಿಗೆ ಇರಲಿ, ಸೆಕೆಯಾದರೆ ಹಕ್ಕಿ ಆಚೆ ಸರಿಯಲು ಜಾಗ ಬೇಕು. ಹೊಟ್ಟೆ ಒತ್ತಬೇಡಿ, ಮೊಟ್ಟೆ ಎಳೆಯಬೇಡಿ, ಒಡೆಯಬೇಡಿ. ಒಳಗೆ ಚಿಪ್ಪು ಒಡೆದರೆ ಗರ್ಭನಾಳವೇ ಹರಿಯಬಹುದು. ಶಾಖ ಕೊಡುತ್ತಲೇ ಹಕ್ಕಿಗಳನ್ನು ನೋಡುವ ವೈದ್ಯರ ಬಳಿಗೆ ಹೊರಡಿ. ರಾತ್ರಿ ಕಳೆಯಲಿ, ನಾಳೆ ನೋಡೋಣ ಎನ್ನುವ ಕಾಯಿಲೆ ಇದಲ್ಲ.

ಮೈಸೂರು_ಮಲ್ಲಿಗೆ
ಮೊದಲು ಹೋದ ಕಡೆ ಇಷ್ಟು ಸಣ್ಣ ಹಕ್ಕಿಗೆ ಯಾಕೆ ಖರ್ಚು ಮಾಡುತ್ತೀರಿ, ಇನ್ನೊಂದು ತನ್ನಿ ಎಂದು ವಾಪಸ್ ಕಳಿಸಿದರು. ಎರಡನೇ ಕಡೆ ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟು ಶಾಖದಲ್ಲಿ ಇಟ್ಟರು. ಸಂಜೆ ಮೊಟ್ಟೆ ಹೊರಗೆ ಬಂತು. ಚಿಪ್ಪು ಗಟ್ಟಿಯೇ ಆಗಿರಲಿಲ್ಲ, ಒದ್ದೆ ಕಾಗದದ ಹಾಗೆ ಬೆರಳಿಗೆ ಬಗ್ಗುತ್ತಿತ್ತು. ಹಕ್ಕಿ ಈಗ ಕಾಳು ಕುಟುಕುತ್ತಿದೆ. ಡಾಕ್ಟರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಹಕ್ಕಿ_ವೈದ್ಯ
ಸಂತೋಷ. ಗೂಡಿನ ಮಡಕೆ ಈಗಲೇ ತೆಗೆದುಬಿಡಿ. ಈ ವರ್ಷಕ್ಕೆ ಆ ಹೆಣ್ಣಿಗೆ ಮೊಟ್ಟೆಯ ಕೆಲಸ ಸಾಕು. ಅದರ ವಯಸ್ಸೆಷ್ಟು?

ಮೈಸೂರು_ಮಲ್ಲಿಗೆ
ತಂದಾಗ ಮರಿ. ಆರೇಳು ತಿಂಗಳು ಇರಬಹುದು.

ಗೂಡು_ಕಟ್ಟುವವಳು
ಅಯ್ಯೋ, ಅದು ಇನ್ನೂ ಹುಡುಗಿ. ಬಜ್ಜಿಗೆ ಒಂದು ವರ್ಷ, ಕಾಕಟೀಲ್‌ಗೆ ಒಂದೂವರೆ ವರ್ಷ ತುಂಬುವ ಮೊದಲು ಗೂಡು ತೋರಿಸಲೇಬಾರದು. ಪಂಜರದ ಜೊತೆ ಮಡಕೆಯನ್ನೂ ಸೇರಿಸಿ ಮಾರುವ ಪದ್ಧತಿ ಎಲ್ಲಿಂದ ಬಂತೋ! ಗೂಡು ಕಂಡರೆ ಹೆಣ್ಣು ಮೊಟ್ಟೆ ಇಡುತ್ತದೆ, ಅದಕ್ಕೆ ಮೈಯಲ್ಲಿ ಶಕ್ತಿ ಇದೆಯೋ ಇಲ್ಲವೋ ನೋಡುವುದಿಲ್ಲ.

ಬಾನಾಡಿ
ಎಲ್ಲವನ್ನೂ ಓದಿದೆ. ಒಂದು ಪ್ರಶ್ನೆ. ಪಂಜರದಲ್ಲಿ ಮರಿ ಮಾಡಿಸಿ ಯಾರಿಗೆ ಕೊಡುತ್ತೀರಿ? ಬಾನಿನಲ್ಲಿರಬೇಕಾದ ಹಕ್ಕಿಯನ್ನು ಕೂಡಿಹಾಕಿ, ಆಮೇಲೆ ಅದರ ಮೊಟ್ಟೆಗೆ ಡಾಕ್ಟರನ್ನು ಕರೆಯುವುದು ಯಾವ ನ್ಯಾಯ?

ರಾಯಚೂರು_ಬಿಸಿಲು
ತಲೆತಲಾಂತರದಿಂದ ಪಂಜರದಲ್ಲೇ ಹುಟ್ಟಿದ ಆಸ್ಟ್ರೇಲಿಯದ ಹಕ್ಕಿ ಇದು. ದಾವಣಗೆರೆಯ ಬಾನಿಗೆ ಬಿಟ್ಟರೆ ಸಂಜೆಯೊಳಗೆ ಗಿಡುಗನ ಪಾಲು.

ಬಾನಾಡಿ
ಬಿಡಿ ಎಂದು ಯಾರು ಹೇಳಿದರು? ಇನ್ನಷ್ಟು ಹುಟ್ಟಿಸಬೇಡಿ ಎನ್ನುತ್ತಿದ್ದೇನೆ. ಮರಿ ಮಾರುವ ಆಸೆಗೆ ತಾನೇ ಹೆಣ್ಣು ಮೇಲಿಂದ ಮೇಲೆ ಮೊಟ್ಟೆ ಇಟ್ಟು ಸೊರಗುವುದು?

ಗೂಡು_ಕಟ್ಟುವವಳು
ಬಾನಾಡಿಯವರ ಅರ್ಧ ಮಾತಿಗೆ ನನ್ನ ಒಪ್ಪಿಗೆ ಇದೆ. ಇಷ್ಟು ವರ್ಷ ಸಾಕಿದ್ದೇನೆ, ವರ್ಷಕ್ಕೆ ಎರಡು ಕಂತು ಮೀರಿ ಮರಿ ಮಾಡಿಸಿಲ್ಲ. ಹೋಗುವ ಮನೆ ಗೊತ್ತಿಲ್ಲದೆ ಮರಿ ಮಾಡಿಸುವುದೂ ಇಲ್ಲ.

ಬಯಲುಸೀಮೆ_ಬಜ್ಜಿ
ನಮ್ಮ ತೆಂಗಿನ ಮರದ ಪೊಟರೆಯಲ್ಲಿ ಹಸಿರು ಗಿಳಿ ಮರಿ ಹಾಕಿದೆ. ಅದನ್ನು ತಂದು ಸಾಕಿದರೆ ಮಾತು ಕಲಿಯುತ್ತದಂತೆ, ಹೌದೇ?

ಪುಕ್ಕ_ಪುರಾಣ
ಮುಟ್ಟಬೇಡಿ. ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದು, ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 2022ರ ತಿದ್ದುಪಡಿಯಲ್ಲಿ ಕೊರಳಪಟ್ಟಿಯ ಹಸಿರು ಗಿಳಿ ರಕ್ಷಿತ ಜೀವಿಗಳ ಎರಡನೇ ಅನುಸೂಚಿಗೆ ಬಂದಿದೆ. ಕಾಕಟೀಲ್, ಬಜ್ಜಿ, ಪೀಚ್ ಮುಖದ ಲವ್ ಬರ್ಡ್ ಇವು ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿಲ್ಲ. ಆ ಪಟ್ಟಿಯಲ್ಲಿರುವ ಫಿಶರ್ ಲವ್ ಬರ್ಡ್, ಮಕಾವ್, ಆಫ್ರಿಕನ್ ಬೂದು ಗಿಳಿ ಸಾಕುವವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಮರಿಯಾದರೆ ಅದನ್ನೂ ತಿಳಿಸಬೇಕು.

ಆಕ್ಲೆಂಡ್_ಕನ್ನಡಿಗ
ಮೊಟ್ಟೆ ಮರಿಯಾಗದ ಚಿಂತೆ ನಿಮಗೊಬ್ಬರಿಗೇ ಅಲ್ಲ, ಇಲ್ಲಿ ಸರ್ಕಾರಕ್ಕೇ ಇದೆ. ನ್ಯೂಜಿಲೆಂಡಿನ ಕಾಕಪೋ ಎಂಬ ಹಾರಲಾರದ ಗಿಳಿಯ ಮೊಟ್ಟೆಗಳಲ್ಲಿ ಬಹಳಷ್ಟು ಫಲಿಸುವುದೇ ಇಲ್ಲ, ಹಕ್ಕಿಗಳೆಲ್ಲ ಹತ್ತಿರದ ಸಂಬಂಧಿಗಳಾಗಿರುವುದು ಒಂದು ಕಾರಣ. ರಿಮು ಎಂಬ ಮರ ಹೇರಳವಾಗಿ ಹಣ್ಣು ಬಿಟ್ಟ ವರ್ಷ ಮಾತ್ರ ಮರಿ ಮಾಡುತ್ತದೆ. ಅಪಾಯದಲ್ಲಿರುವ ಮೊಟ್ಟೆಯನ್ನು ತೆಗೆದು ಇನ್‌ಕ್ಯುಬೇಟರ್‌ಗೆ ಹಾಕಿ, ಗೂಡಿನಲ್ಲಿ ನಕಲಿ ಮೊಟ್ಟೆ ಇಡುತ್ತಾರೆ. 2019ರಲ್ಲಿ 70ಕ್ಕೂ ಹೆಚ್ಚು ಮರಿಗಳು ಬದುಕಿದ್ದು ಇಲ್ಲಿ ದೊಡ್ಡ ಸುದ್ದಿಯಾಗಿತ್ತು.

ಸುಮ್ಮನೆ_ಓದುವವ
ಅಲ್ಲಿ ಸರ್ಕಾರ ಗಿಳಿಗೆ ನಕಲಿ ಮೊಟ್ಟೆ ಮಾಡಿಸುತ್ತದೆ, ಇಲ್ಲಿ ಅಂಗನವಾಡಿಗೆ ಅಸಲಿ ಮೊಟ್ಟೆ ಕೊಡಬೇಕೋ ಬೇಡವೋ ಎಂದೇ ಜಗಳ.

ಪುಕ್ಕ_ಪುರಾಣ
ದಯವಿಟ್ಟು ಆ ಕಡೆ ಹೋಗಬೇಡಿ, ಈ ಚರ್ಚೆ ಮುಗಿಯುವುದಿಲ್ಲ.

ದಾವಣಗೆರೆ_ಬೆಣ್ಣೆ
ಥರ್ಮಾಮೀಟರ್ ಇಟ್ಟೆ. ಮಧ್ಯಾಹ್ನ ಎರಡು ಗಂಟೆಗೆ ಪೆಟ್ಟಿಗೆಯೊಳಗೆ 41 ತೋರಿಸಿತು. ಕಪ್ಪಗಿದ್ದ ಎರಡೂ ಮೊಟ್ಟೆಗಳಿಗೆ ದಿನ ಮೀರಿದೆ, ಚಲನೆ ಇಲ್ಲ. ಡಾಕ್ಟರ್ ಹೇಳಿದ ಹಾಗೆ ಗೂಡುಪೆಟ್ಟಿಗೆಯನ್ನೇ ತೆಗೆದುಬಿಡಲೇ? ತೆಗೆದರೆ ಪಂಜರದ ಮೂಲೆಯಲ್ಲೇ ಇಡುತ್ತದೋ ಎಂಬ ಭಯ.

ಹಕ್ಕಿ_ವೈದ್ಯ
ಈಗಲೇ ತೆಗೆಯಬೇಡಿ. ಮೈಸೂರಿನ ಹಕ್ಕಿಯ ಜೀವಕ್ಕೆ ಕುತ್ತು ಬಂದಿತ್ತು, ನಿಮ್ಮದು ಬೇರೆ. ನೀವು ಮೊಟ್ಟೆ ಎಸೆದಾಗಲೆಲ್ಲ ಅದು ಕಳೆದುಹೋದದ್ದನ್ನು ತುಂಬಲು ಮತ್ತೆ ಇಟ್ಟಿದೆ. ಈಗಿರುವ ಮೊಟ್ಟೆಗಳನ್ನು ಒಡೆಯದೆ, ವಾಸನೆ ಬಾರದಿದ್ದರೆ, ಹಾಗೆಯೇ ಬಿಡಿ. ಬೇಸತ್ತು ತಾವೇ ಎದ್ದುಹೋಗಲಿ. ಆಮೇಲೆ ಪೆಟ್ಟಿಗೆ ತೆಗೆಯಿರಿ. ಪಂಜರವನ್ನು ಮನೆಯೊಳಗೆ ತಂದು ಬೇರೆ ಮೂಲೆಯಲ್ಲಿಡಿ, ಸಂಜೆ ಬೇಗ ಬಟ್ಟೆ ಮುಚ್ಚಿ ಬೆಳಕನ್ನು ದಿನಕ್ಕೆ ಹತ್ತು ಗಂಟೆಗಳಷ್ಟಕ್ಕೆ ಇಳಿಸಿ, ಸೂರ್ಯಕಾಂತಿ ಬೀಜ ಕಡಿಮೆ ಮಾಡಿ. ಬೆನ್ನು ಸವರುವ ಅಭ್ಯಾಸ ಇದ್ದರೆ ಬಿಡಿ, ಅದು ಹೆಣ್ಣಿಗೆ ಮೊಟ್ಟೆಯ ಕರೆ. ಮರಿ ಬೇಕೆಂದಿದ್ದರೆ ಮಳೆಗಾಲ ಕಳೆದ ಮೇಲೆ ನೋಡೋಣ.

ಗೂಡು_ಕಟ್ಟುವವಳು
ಆಗ ಪೆಟ್ಟಿಗೆಗೆ ಹೊಸ ಹೊಟ್ಟು ಹಾಕಿ. ಕೂರುವ ಕೋಲನ್ನೂ ನೋಡಿ. ಜಾರುವ ಪ್ಲಾಸ್ಟಿಕ್ ಕೋಲಿದ್ದರೆ ಕೂಡುವಾಗ ಗಂಡಿನ ಕಾಲು ನಿಲ್ಲುವುದಿಲ್ಲ, ನಿಮ್ಮ ಆ ಒಂದು ತಿಳಿ ಮೊಟ್ಟೆಗೆ ಅದೂ ಕಾರಣವಿರಬಹುದು. ಸೀಬೆ ಕೊಂಬೆ ಕಡಿದು ಅಲ್ಲಾಡದ ಹಾಗೆ ಬಿಗಿಯಿರಿ. ಇರುವೆ ಬಂದರೆ ಪಂಜರದ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿಡಿ, ಪುಡಿಗಿಡಿ ಎರಚಬೇಡಿ.

ದಾವಣಗೆರೆ_ಬೆಣ್ಣೆ
ಕೋಲು ಪ್ಲಾಸ್ಟಿಕ್ಕಿನದೇ. ಇಂದೇ ಬದಲಾಯಿಸುತ್ತೇನೆ. ಪಂಜರ ಈಗ ನಡುಮನೆಗೆ ಬಂದಿದೆ. ಅತ್ತೆಯವರು ಮಾತ್ರ "ಮೆಣಸಿನಕಾಯಿ ನಿವಾಳಿಸಿದ್ದಕ್ಕೇ ನಿನಗೆ ಇಷ್ಟೆಲ್ಲ ಬುದ್ಧಿ ಹೇಳುವವರು ಸಿಕ್ಕಿದ್ದು" ಎನ್ನುತ್ತಿದ್ದಾರೆ.

ನವಣೆ_ಅಕ್ಕ
ಆ ಮೆಣಸಿನಕಾಯಿಯನ್ನು ಹಕ್ಕಿಗೇ ಹಾಕಿ, ಗಿಳಿಗಳಿಗೆ ಖಾರ ಹತ್ತುವುದಿಲ್ಲ.

ಸುಮ್ಮನೆ_ಓದುವವ
ಇದ್ದಕ್ಕಿದ್ದಂತೆ ನೆನಪಾಯಿತು. ನಮ್ಮ ಕಾಕಟೀಲ್ ಕುಕ್ಕರ್ ಸೀಟಿಯನ್ನು ಹಾಗೇ ಕೂಗುತ್ತದೆ. ಎಷ್ಟನೆಯದು ಅಸಲಿ ಎಂದು ತಿಳಿಯದೆ ಮನೆಯಲ್ಲಿ ಬೇಳೆ ಬೇಯುತ್ತಲೇ ಇಲ್ಲ. ಇದನ್ನು ಬಿಡಿಸುವುದು ಹೇಗೆ?

ಪುಕ್ಕ_ಪುರಾಣ
ಅದಕ್ಕೆ ಬೇರೆ ಚರ್ಚೆ ತೆರೆಯಿರಿ. ನಮ್ಮ ಮನೆಯದು ಬಾಗಿಲ ಗಂಟೆ ಕಲಿತಿದೆ, ಅಲ್ಲೇ ಬಂದು ಬರೆಯುತ್ತೇನೆ.